ಪುಟ್ಟ್ಯಾನ ರಕ್ತಪರೀಕ್ಷೆ

ಐದು ಕಿಲೊ ತೂಕದ ನಮ್ಮ ಪುಟ್ಟ್ಯಾ ಸೋಮವಾರ ೪ ಸಲ ವಾಂತಿ ಮಾಡಿತು. ‘ಹುಲ್ಲು ತಿಂದಿರಬೇಕು ಬಿಡು’ ಎಂದಳು ಅವ್ವ. ಗುರುವಾರ ಒಸಡು ಬಿಳಿಚಿಕೊಂಡಿತು, ಮೂತ್ರ ಕಂದು. ಲಕ್ಷ್ಮೇಶ್ವರದಿಂದ ಗದಗಿಗೆ ಒಯ್ದೆವು. ಹಿಮೋಗ್ಲೋಬಿನ್ ೭, ೧೨ರ ಮೇಲಿರಬೇಕಂತೆ. ಉಣ್ಣೆಜ್ವರವಿರಲಿಲ್ಲ.

‘ಮನ್ಯಾಗ ಉಳ್ಳಾಗಡ್ಡಿ ಅದಾವೇನ್ರಿ?’ ಕೇಳಿದರು ಡಾಕ್ಟರು. ನಮ್ಮ ಸೀಮೆಯವರಿಗೆ ಇದೆಂಥ ಪ್ರಶ್ನೆ! ಕಟ್ಟೆಯ ಮೇಲೆ ರಾಶಿಯೇ ಒಣಗುತ್ತಿತ್ತು. ಅದರಲ್ಲಿನ ಗಂಧಕದ ಅಂಶ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ; ಬೇಯಿಸಿದರೂ ಹೋಗದು. ಇಷ್ಟು ಸಣ್ಣ ನಾಯಿಗೆ ಒಂದು ದೊಡ್ಡ ಗಡ್ಡೆ ಸಾಕು. ವಾಂತಿ ಮೊದಲು, ರಕ್ತ ಇಳಿಯುವುದು ಕೆಲವು ದಿನ ಕಳೆದು.

ಪ್ರತಿಮದ್ದಿಲ್ಲ. ಸಲೈನ್ ಕೊಟ್ಟು, ಹೊಸ ಕಣ ಹುಟ್ಟುವ ತನಕ ಕಾಯಬೇಕು. ಹತ್ತನೆಯ ತರಗತಿಯ ಮಗಳು ಓದು ಬಿಟ್ಟು ತಾಸಿಗೊಮ್ಮೆ ಒಸಡು ನೋಡುತ್ತಿದ್ದಳು, ನಾನು ಬೈಯಲಿಲ್ಲ. ಹತ್ತು ದಿನಕ್ಕೆ ೯ ಬಂತು. ಅವಳು ಆ ಚೀಟಿಯನ್ನು ಗಣಿತದ ಪುಸ್ತಕದಲ್ಲಿಟ್ಟುಕೊಂಡಿದ್ದಾಳೆ.