ಗಾಲಿ ತಣ್ಣಗಾಗುವವರೆಗೆ ಒಂದು ಚಾ

ಮೆಲ್ಬರ್ನಿನ ಪಶ್ಚಿಮದ ಬಡಾವಣೆಗಳಲ್ಲಿ ನೆಲೆಸಿರುವ ನಮ್ಮವರಿಗೆ ವೆರಿಬೀ ಎಂದರೆ ಮೃಗಾಲಯ, ಹಳೆಯ ಮಹಲು ಮತ್ತು ಗುಲಾಬಿ ತೋಟ. ಊರಿನಿಂದ ಅಪ್ಪ ಅಮ್ಮ ಬಂದಾಗ ಅಲ್ಲಿಗೆ ಕರೆದೊಯ್ದು, ಚಿತ್ರಾನ್ನದ ಡಬ್ಬಿ ಬಿಚ್ಚಿ, ನಾಲ್ಕು ಫೋಟೋ ತೆಗೆದು ಮನೆಗೆ ಮರಳುವುದು ವಾಡಿಕೆ. ಆದರೆ ಡಂಕನ್ಸ್ ರಸ್ತೆಯಲ್ಲಿ ಇನ್ನಷ್ಟು ದೂರ ಹೋಗಿ ನೋಡಿ! ಎರಡೂ ಕಡೆ ಹೂಕೋಸು, ಬ್ರಾಕೊಲಿ, ಲೆಟ್ಯೂಸ್ ಹೊಲಗಳು. ಇಟಲಿಯಿಂದ ಬಂದ ಕುಟುಂಬಗಳು ತಲೆಮಾರುಗಳಿಂದ ಇಲ್ಲಿ ತರಕಾರಿ ಬೆಳೆಯುತ್ತಿವೆ. ರಸ್ತೆ ಮುಗಿಯುವಲ್ಲಿ ವೆರಿಬೀ ನದಿ ಪೋರ್ಟ್ ಫಿಲಿಪ್ ಕೊಲ್ಲಿಯನ್ನು ಸೇರುತ್ತದೆ. ಅದೇ ವೆರಿಬೀ ಸೌತ್.

ಸುಮಾರು 1,930 ಚದರ ಕಿಲೋಮೀಟರ್ ಹರವಿನ ಈ ಕೊಲ್ಲಿಯ ಬಾಯಿ ಮೂರು ಕಿಲೋಮೀಟರಿನಷ್ಟೇ ಅಗಲ. ಗಾಳಿ ಇಲ್ಲದ ಬೆಳಗಿನಲ್ಲಿ ನಮ್ಮ ಮೈಸೂರು ಕಡೆಯ ದೊಡ್ಡ ಕೆರೆಯ ಹಾಗೆ ಕಾಣುತ್ತದೆ. ದೂರದಲ್ಲಿ ನಗರದ ಗಗನಚುಂಬಿಗಳು ಬೆಂಕಿಪೊಟ್ಟಣ ನಿಲ್ಲಿಸಿದಂತೆ! ಆದರೆ ನೀರು ಮಾತ್ರ ಅಪ್ಪಟ ಸಮುದ್ರದ್ದು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅಂದರೆ ಹದಿನೈದು ಲೀಟರಿನ ಒಂದು ಕೊಡಕ್ಕೆ ಅರ್ಧ ಕಿಲೋ ಉಪ್ಪು ಸುರಿದಂತೆ.

ಅಲ್ಲಿನ ದೋಣಿ ಇಳಿಸುವ ರ‍್ಯಾಂಪೇ ನನಗೆ ಅಚ್ಚುಮೆಚ್ಚಿನ ಜಾಗ. ಸ್ನ್ಯಾಪರ್ ಮೀನಿನ ಕಾಲವಾದ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಶನಿವಾರ ಬೆಳಕು ಹರಿಯುವ ಮುನ್ನವೇ ಕಾರುಗಳ ಸಾಲು. ಪ್ರತಿ ಕಾರಿನ ಹಿಂದೆ ಒಂದು ಟ್ರೈಲರ್, ಅದರ ಮೇಲೊಂದು ದೋಣಿ. ಕಾರನ್ನು ಹಿಮ್ಮುಖವಾಗಿ ಇಳಿಜಾರಿಗೆ ಬಿಡುವಾಗ ಗಂಡ ಹೆಂಡಿರ ನಡುವೆ ನಡೆಯುವ ಸಂಭಾಷಣೆಗೆ ಯಾವ ಭಾಷೆಯ ಅನುವಾದವೂ ಬೇಕಿಲ್ಲ, ಬಿಡಿ. ನಾನು ಮೀನು ತಿನ್ನುವವನಲ್ಲ. ಹೋಗುವುದು ಗಾಳಿಗೆ ಮತ್ತು ಮಾತಿಗೆ. ಕರೆದೊಯ್ಯುವವರು ಮೆಲ್ಟನ್ನಿನಲ್ಲಿರುವ ಗೆಳೆಯರು, ಮೂಲ ಮಲ್ಪೆಯವರು. ಅವರದು ನಾಲ್ಕೂವರೆ ಮೀಟರಿನ ಅಲ್ಯೂಮಿನಿಯಂ ದೋಣಿ.

ಮೊದಲ ಸಲ ಹೋದಾಗ ಅವರು ನೇರವಾಗಿ ರ‍್ಯಾಂಪಿಗೆ ಇಳಿಯಲೇ ಇಲ್ಲ. ಪಕ್ಕದಲ್ಲಿ ಕಾರು ನಿಲ್ಲಿಸಿ, ಟ್ರೈಲರಿನ ಗಾಲಿಯ ನಡುವಿನ ಹಬ್ ಮೇಲೆ ಅಂಗೈ ಇಟ್ಟರು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. "ಬಿಸಿ ಉಂಟು ಮಾರಾಯ್ರೆ, ಒಂದು ಚಾ ಕುಡಿಯುವ" ಎಂದು ಫ್ಲಾಸ್ಕ್ ತೆಗೆದರು. ಅವಸರ ಏಕಿಲ್ಲವೆಂದು ನನಗೆ ಅಚ್ಚರಿ.

ಚಹಾ ಮುಗಿಯುವಷ್ಟರಲ್ಲಿ ಪಾಠವೂ ಆಯಿತು. ಮುಕ್ಕಾಲು ಗಂಟೆ ಓಡಿಬಂದ ಗಾಲಿಯ ಬೇರಿಂಗ್ ಬಿಸಿಯಾಗಿರುತ್ತದೆ, ಹಬ್ಬಿನೊಳಗಿನ ಗಾಳಿ ಹಿಗ್ಗಿರುತ್ತದೆ. ಅದನ್ನು ಹಾಗೇ ತಣ್ಣನೆಯ ಸಮುದ್ರಕ್ಕೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಹಿಂಬದಿಯ ರಬ್ಬರ್ ಸೀಲಿನ ಸಂದಿಯಿಂದ ಉಪ್ಪುನೀರನ್ನು ಒಳಕ್ಕೆ ಹೀರುತ್ತದೆ. ನೀರು ಸೇರಿದ ಗ್ರೀಸು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಮುಂದಿನ ಪ್ರವಾಸದವರೆಗೆ ಗಾಡಿ ಶೆಡ್ಡಿನಲ್ಲಿ ನಿಂತಿರುವಾಗ ಉಕ್ಕಿನ ಉರುಳೆಗಳಿಗೆ ತುಕ್ಕಿನ ಕಲೆ ಬಿದ್ದು ಗುಳಿಯಾಗುತ್ತದೆ. ಆಮೇಲೆ ಎಂದೋ ಒಂದು ದಿನ, ಹೆದ್ದಾರಿಯಲ್ಲಿ...

ಆ 'ಎಂದೋ ಒಂದು ದಿನ'ವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗೀಲಾಂಗ್ ಕಡೆಗೆ ಹೋಗುವ ಪ್ರಿನ್ಸಸ್ ಫ್ರೀವೇ ಪಕ್ಕದಲ್ಲಿ ಒಂದು ಟ್ರೈಲರ್ ಒಂದು ಬದಿಗೆ ಕುಸಿದು ಕೂತಿತ್ತು. ಆ ಕಡೆಯ ಗಾಲಿಯೇ ಇಲ್ಲ! ತಡೆಗೋಡೆಯ ಆಚೆ ತಾಯಿಯೊಬ್ಬಳು ಇಬ್ಬರು ಮಕ್ಕಳನ್ನು ಅಪ್ಪಿಕೊಂಡು ನಿಂತಿದ್ದಳು. ನೂರು ಕಿಲೋಮೀಟರ್ ವೇಗದಲ್ಲಿ ಕಳಚಿದ ಗಾಲಿ ಹಿಂದಿನ ಕಾರಿಗೆ ಬಡಿದಿದ್ದರೆ? ಅಂದಿನಿಂದ ಗೆಳೆಯರ ಚಹಾ ನನಗೆ ಇನ್ನೂ ರುಚಿ ಎನಿಸುತ್ತದೆ.

ವಿಚಿತ್ರವೆಂದರೆ, ಇಡೀ ದಿನ ನೀರಿನಲ್ಲಿರುವ ದೋಣಿಗೆ ಏನೂ ಆಗುವುದಿಲ್ಲ. ಎರಡು ನಿಮಿಷ ಮುಳುಗುವ ಗಾಲಿಯನ್ನೇ ಸಮುದ್ರ ತಿನ್ನುವುದು. ಉಪ್ಪು ಒಣಗಿದರೂ ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ (ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಜಾಡಿ ನೆನಪಿಸಿಕೊಳ್ಳಿ). ಬರೀ ಬಣ್ಣ ಬಳಿದ ಉಕ್ಕಿನ ರಿಮ್ಮಾದರೆ ನಟ್ಟು ಕೂರುವ ತೂತು, ಬೆಸುಗೆಯ ಸಂದು, ಟಯರಿನ ಅಂಚು, ಇಲ್ಲೆಲ್ಲ ಬಣ್ಣ ಎದ್ದು ತುಕ್ಕು ಶುರು. ಗ್ಯಾಲ್ವನೈಸ್ ಮಾಡಿದ ರಿಮ್ ವಾಸಿ. ಅದು ನಮ್ಮ ಬಚ್ಚಲುಮನೆಯ ಹಳೇ ಜಿಂಕ್ ಬಕೆಟ್ಟಿನ ವಿದ್ಯೆಯೇ: ಸತು ತಾನು ಕರಗಿ ಉಕ್ಕನ್ನು ಕಾಯುತ್ತದೆ, ಅಲ್ಲಲ್ಲಿ ಗೀರು ಬಿದ್ದಿದ್ದರೂ ಸಹ. ಅಲ್ಯೂಮಿನಿಯಂ ರಿಮ್ ನೋಡಲು ಚೆಂದ, ಆದರೆ ಉಕ್ಕಿನ ಹಬ್ ತಾಗುವಲ್ಲಿ ಉಪ್ಪುನೀರು ನಿಂತರೆ ಅಲ್ಲೂ ಬಿಳಿ ಪುಡಿ ಏಳುತ್ತದೆ. ನನ್ನನ್ನು ಕೇಳಿದರೆ ಗ್ಯಾಲ್ವನೈಸ್ ಮಾಡಿದ್ದೇ ಸರಿ.

ಯಾವ ರಿಮ್ಮಾದರೂ ಸಿಹಿನೀರಿನ ಸ್ನಾನ ತಪ್ಪಿಸುವಂತಿಲ್ಲ. ಮನೆಗೆ ಬಂದ ಕೂಡಲೇ, ಊಟಕ್ಕೂ ಮುಂಚೆ, ಗೆಳೆಯರು ಪೈಪು ಹಿಡಿಯುತ್ತಾರೆ. ಹೊರಮುಖ ಎಲ್ಲರೂ ತೊಳೆಯುತ್ತಾರೆ. ಇವರು ಮಂಡಿಯೂರಿ ಗಾಲಿಯ ಒಳಮುಖ, ಸ್ಪ್ರಿಂಗ್ ಪಟ್ಟಿಗಳ ಸಂದು, ಆಕ್ಸಲ್ಲಿನ ಅಡಿಭಾಗಕ್ಕೆಲ್ಲ ನೀರು ಬಿಡುತ್ತಾರೆ. ಒಣಗಿದ ಮೇಲೆ ನಟ್ಟು, ಸ್ಪ್ರಿಂಗುಗಳಿಗೆ ಲ್ಯಾನೊಲಿನ್ ಸಿಂಪಡಣೆ. ಇದು ಕುರಿಯ ಉಣ್ಣೆಯಿಂದ ತೆಗೆವ ಜಿಡ್ಡು. ಬ್ರೇಕಿಗೆ ಮಾತ್ರ ತಾಗಬಾರದು. "ಊರಲ್ಲಿ ಮರದ ದೋಣಿಗೆ ಮೀನೆಣ್ಣೆ ಬಳಿಯುತ್ತಿದ್ದರು, ಇಲ್ಲಿ ಕುರಿಯೆಣ್ಣೆ. ವಾಸನೆ ಇದೇ ಸ್ವಲ್ಪ ಅಡ್ಡಿಲ್ಲ" ಎನ್ನುತ್ತಾರೆ.

ವರ್ಷಕ್ಕೊಮ್ಮೆ ಬೇರಿಂಗ್ ಬಿಚ್ಚುವ ಕೆಲಸಕ್ಕೆ ಅವರು ಇಟ್ಟುಕೊಂಡ ದಿನ ಆಯುಧಪೂಜೆ. ಚಳಿ ಮುಗಿದು ದೋಣಿಗಳು ಶೆಡ್ಡಿನಿಂದ ಹೊರಬರುವ ಹೊತ್ತಿಗೇ ಇಲ್ಲಿ ನವರಾತ್ರಿ. ಜ್ಯಾಕ್ ಕೊಟ್ಟು ಗಾಲಿ ಎತ್ತಿ, ಕೈಯಲ್ಲಿ ತಿರುಗಿಸಿ ಕಿವಿಗೊಡುತ್ತಾರೆ. ಗರಗರ ಎಂದರೆ, ಅಥವಾ ಅಲುಗಿಸಿದಾಗ ಲೊಡಲೊಡ ಎಂದರೆ ಬೇರಿಂಗ್ ಬದಲಾಯಿಸಬೇಕು. ಇಲ್ಲವಾದರೆ ಹಳೆಯ ಗ್ರೀಸನ್ನು ಪೂರ್ತಿ ತೊಳೆದು, ನೀರಿಗೆ ಕರಗದ ಮರೀನ್ ಗ್ರೀಸನ್ನು ಅಂಗೈಯಲ್ಲಿಟ್ಟು ಉರುಳೆಗಳ ನಡುವೆ ತುಂಬಿ, ಹೊಸ ಸೀಲ್ ಹಾಕುತ್ತಾರೆ. ಸ್ಪ್ರಿಂಗ್ ಇರುವ ಮುಚ್ಚಳವನ್ನೂ ಕೂರಿಸಿದ್ದಾರೆ. ಅದು ಗ್ರೀಸನ್ನು ಸದಾ ಸ್ವಲ್ಪ ಒತ್ತಿ ಹಿಡಿದು ನೀರಿಗೆ ಜಾಗ ಕೊಡುವುದಿಲ್ಲ. ಹಾಗೆಂದು ಪಂಪು ಹೊಡೆದದ್ದೇ ಹೊಡೆದರೆ ಹಿಂದಿನ ಸೀಲೇ ಕಿತ್ತು ಬರುತ್ತದೆ!

ಕಳೆದ ಸಲ ಪೂಜೆಗೆ ನಾವೂ ಹೋಗಿದ್ದೆವು. ಅತ್ತಿಗೆ ದೋಣಿಗೆ ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಟ್ರೈಲರಿನ ಎರಡೂ ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟರು. ಗೆಳೆಯರು ಕಾರನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟರು, ಪಚಕ್ಕೆಂದಿತು, ಮಕ್ಕಳು ಚಪ್ಪಾಳೆ ತಟ್ಟಿದರು. ನಾವೆಲ್ಲ ಹೋಳಿಗೆಯ ವಾಸನೆ ಹಿಡಿದು ಒಳಗೆ ಹೊರಟರೆ ಅವರು ಮತ್ತೆ ಪೈಪು ಹಿಡಿದು ನಿಂತಿದ್ದಾರೆ. "ಈಗೇನ್ರೀ ತೊಳೆಯೋದು?" ಅತ್ತಿಗೆ ಸಿಡುಕಿದರು.

"ನಿಂಬೆರಸ ಹುಳಿ ಅಲ್ವಾ ಮಾರಾಯ್ತಿ, ಸತುವನ್ನು ತಿಂತದೆ. ನೀವು ಬಡಿಸಿ, ಬಂದೆ."