ಸೇತುವೆಯ ಅಡಿಯ ನರ್ಮದೆ

ಬೇಸಗೆಯ ರಜೆಯಲ್ಲಿ ಮಗನೊಡನೆ ಸೊಲ್ಲಾಪುರದಿಂದ ಮುಂಬಯಿಯ ಮಾಟುಂಗಾಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ಸಂಜೆ ಉದ್ಯಾನವನ್ನು ತೋರಿಸುವೆನೆಂದು ಅಕ್ಕ ಕರೆದೊಯ್ದದ್ದು ಅಂಬೇಡ್ಕರ್ ರಸ್ತೆಯ ಮೇಲ್ಸೇತುವೆಯ ಅಡಿಗೆ! ನಾನು ಹಿಂಜರಿದುದನ್ನು ಕಂಡು, "ಒಳಗೆ ನಡಿ, ಆಮೇಲೆ ಮಾತಾಡು" ಎಂದಳು.

ಅದು 2016ರಲ್ಲಿ ತೆರೆದ ನಾನಾಲಾಲ್ ಡಿ. ಮೆಹ್ತಾ ಉದ್ಯಾನ. ಸೇತುವೆಯ ಅಡಿಯ ಜಾಗ ಕಸಕ್ಕೂ ಒತ್ತುವರಿಗೂ ಈಡಾಗದಿರಲೆಂದು ನಿವಾಸಿಗಳೇ ಕಾವಲಿಟ್ಟು, ನಗರಪಾಲಿಕೆಯ ಬೆನ್ನು ಬಿಡದೆ ಅದನ್ನು ಪಡೆದರು. ಕಂಬಗಳ ನಡುವೆ ಸುಮಾರು 600 ಮೀಟರ್ ಉದ್ದದ ನೀಲಿ ಕಾಲುದಾರಿ ನರ್ಮದಾ ನದಿಯಂತೆ ಬಳುಕುತ್ತ ಸಾಗುತ್ತದೆ. ಎರಡೂ ಬದಿ ವಾಹನಗಳ ಅಬ್ಬರವಿದೆ, ಹೊಗೆಯಿದೆ, ಇಲ್ಲವೆನ್ನಲಾರೆ. ಆದರೂ ವೃದ್ಧರು ನಿಶ್ಚಿಂತೆಯಿಂದ ನಡೆಯುತ್ತಿದ್ದರು. ಮಗ 'ನದಿ'ಯ ತುದಿಯವರೆಗೆ ಓಡಿ ಬಂದು, "ಅವ್ವಾ, ನಮ್ಮ ಶಾಲೆಯ ಹತ್ತಿರದ ಸೇತುವೆಯ ಕೆಳಗೂ ಹೀಗೆ ಮಾಡಬಹುದಲ್ಲ?" ಎಂದ.

ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಕನ್ನಡ ಶಾಲೆಯ ಅಂಗಳದಲ್ಲಿ ಪ್ರಾರ್ಥನೆಗೆ ನಿಲ್ಲುವಷ್ಟೇ ಜಾಗ. ಪಕ್ಕದ ಸೇತುವೆಯ ಅಡಿ ಒಡೆದ ಬಾಟಲಿಗಳು, ತುಕ್ಕು ಹಿಡಿದ ಗಾಡಿಗಳು. ಅಲ್ಲಿಗೆ ಕಬ್ಬಿಣದ ಬೇಲಿ ಹಾಕಿ ಬೀಗ ಜಡಿಯಿರೆಂದು ಪಾಲಕರೆಲ್ಲ ಅರ್ಜಿ ಕೊಟ್ಟಿದ್ದೆವು. ಅದನ್ನು ಮರಾಠಿಯಲ್ಲಿ ಬರೆದವಳು ನಾನೇ. ಮಕ್ಕಳ ಸುರಕ್ಷತೆಯೊಂದೇ ಆಗ ಕಣ್ಣೆದುರಿಗಿತ್ತು. ಅವರಿಗೆ ಆಡಲು ಜಾಗವಿಲ್ಲವೆಂಬುದು ನೆನಪಾಗಲೇ ಇಲ್ಲ.

ಊರಿಗೆ ಮರಳಿ ಮುಖ್ಯಾಧ್ಯಾಪಕರಿಗೆ ಹೇಳಿದೆ. "ಈಗ ಮಾತು ಬದಲಿಸಿದರೆ ಬೇಲಿಯೂ ಬಾರದು, ಉದ್ಯಾನವೂ ಬಾರದು ತಾಯಿ" ಎಂದರು. ಅವರ ಮಾತು ನಿಜವಾಗಲೂಬಹುದು. ಆದರೂ ಇನ್ನೊಂದು ಅರ್ಜಿ ಬರೆದಿದ್ದೇನೆ. ಸೋಮವಾರ ಶಾಲೆ ಬಿಡುವ ಹೊತ್ತಿಗೆ ಸಹಿಗಾಗಿ ಬಾಗಿಲಲ್ಲಿ ನಿಂತಿರುತ್ತೇನೆ.