ಒಂದು ಡಬ್ಬಿಗೆ ಎಂಟು ಸಲ

ರೈಲಿನ ಬಗ್ಗೆ ಬರೆಯುವಾಗ ನಾವು ಸಾಮಾನ್ಯವಾಗಿ ಕಿಟಕಿ ಪಕ್ಕ ಕೂತೇ ಬರೆಯುತ್ತೇವೆ. ಹಿಂದಕ್ಕೆ ಓಡುವ ಬೇವಿನ ಮರಗಳು, ಚಹಾದವನ ಕೂಗು, ಬೀಳ್ಕೊಡುವ ಕೈಗಳು. ಗೂಡ್ಸ್ ಗಾಡಿ ನಮ್ಮ ಬರವಣಿಗೆಯೊಳಗೆ ಬಂದರೆ ನಮ್ಮ ಗಾಡಿಯನ್ನು ಅರ್ಧ ತಾಸು ತಡೆದು ನಿಲ್ಲಿಸಿದ ಅಡ್ಡಿಯಾಗಿ ಬರುತ್ತದೆ, ಅಷ್ಟೇ. ಆ ಗಾಡಿಗೂ ಒಂದು ಕೆಲಸವಿದೆ, ಆ ಕೆಲಸಕ್ಕೆ ಒಂದು ಲೆಕ್ಕಾಚಾರವಿದೆ ಎಂದು ನನಗೆ ತೋರಿಸಿಕೊಟ್ಟವರು ನನ್ನ ಸೋದರಮಾವ. ಅವರು ಮೀಟರ್ ಗೇಜ್ ಕಾಲದಲ್ಲಿ ಹುಬ್ಬಳ್ಳಿ–ಗದಗ ದಾರಿಯ ಗೂಡ್ಸ್ ಗಾಡಿಗಳ ಗಾರ್ಡ್ ಆಗಿದ್ದವರು.

ಧಾರವಾಡ ಜಿಲ್ಲೆಯ ಹಳ್ಳಿಗಾಡಿಗೆ ರೈಲು ಸಮನಾಗಿ ಹಂಚಿಕೆಯಾಗಿಲ್ಲ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯಲ್ಲಿ ಅಣ್ಣಿಗೇರಿ ಇದೆ, ಹಾವೇರಿಗೆ ಹೋಗುವ ದಾರಿಯಲ್ಲಿ ಕುಂದಗೋಳ ಇದೆ. ನವಲಗುಂದಕ್ಕೂ ಕಲಘಟಗಿಗೂ ರೈಲಿಲ್ಲ. ಈ ಹಳಿಗಳು ಬಂದದ್ದಕ್ಕೆ ಕಪ್ಪು ನೆಲದ ಹತ್ತಿಯೂ ಒಂದು ಕಾರಣ. ಅದಕ್ಕೂ ಮೊದಲು ಧಾರವಾಡ ಸೀಮೆಯ ಹತ್ತಿ ಎತ್ತಿನ ಮೇಲೆ, ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಹಡಗು ಹತ್ತಿದ ಮೇಲೆ ಅದರ ಹೆಸರೇ 'ಕುಮ್ಟಾ ಹತ್ತಿ' ಎಂದಾಗುತ್ತಿತ್ತು. ಬೆಳೆದ ಊರಿನ ಹೆಸರು ದಾರಿಯಲ್ಲೇ ಉದುರಿ ಹೋಗುತ್ತಿತ್ತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಆ ದಶಕದಲ್ಲೇ ಇಲ್ಲಿ ಹಳಿ ಹಾಕಿತು. ಹತ್ತಿ ಕುಮಟಾ ಬಿಟ್ಟು ಗೋವಾದ ಮುರಗಾಂವ ಬಂದರಿನ ಕಡೆ ಮುಖ ಮಾಡಿತು.

ಆ ಕಾಲದಿಂದ ಬಹಳ ವರ್ಷ ನಡೆದುಬಂದ ಪದ್ಧತಿಯೊಂದಿತ್ತು. ಒಬ್ಬ ವ್ಯಾಪಾರಿ ಒಂದೇ ಒಂದು ಡಬ್ಬಿಯನ್ನು ಬುಕ್ ಮಾಡಬಹುದಿತ್ತು. ನಮ್ಮ ಕಡೆ ವ್ಯಾಗನ್ನಿಗೆ ಡಬ್ಬಿ ಅನ್ನುವುದೇ ರೂಢಿ. ಒಂದು ಡಬ್ಬಿ ಹತ್ತಿ, ಒಂದು ಡಬ್ಬಿ ಕಡಲೆ, ಒಂದು ಡಬ್ಬಿ ಮೆಣಸಿನಕಾಯಿ. ಊರಿಂದೂರಿಗೆ ನಿಲ್ಲುತ್ತ ಬರುವ ಗೂಡ್ಸ್ ಗಾಡಿ ಖಾಲಿ ಡಬ್ಬಿ ಬಿಟ್ಟು, ತುಂಬಿದ್ದನ್ನು ಎಳೆದುಕೊಂಡು ಮುಂದಿನ ಸ್ಟೇಷನ್ನಿಗೆ ಹೋಗುತ್ತಿತ್ತು. ಹೀಗೆ ಬಿಡುವ, ಎತ್ತುವ, ಜೋಡಿಸುವ ಕೆಲಸಕ್ಕೆಲ್ಲ ಒಂದೇ ಹೆಸರು: ಶಂಟಿಂಗ್.

ಹೊರಗಿನಿಂದ ನೋಡುವವರಿಗೆ ಶಂಟಿಂಗ್ ಅಂದರೆ ಎಂಜಿನ್ ಸುಮ್ಮನೆ ಹಿಂದಕ್ಕೂ ಮುಂದಕ್ಕೂ ಓಡಾಡುವುದು. ಒಮ್ಮೆ ಮಾಮಾ ಪಡಸಾಲೆಯ ಗಚ್ಚಿನ ಮೇಲೆ ಬಳಪದಿಂದ ಗೆರೆ ಎಳೆದು ಅದರ ಒಳಗುಟ್ಟು ತೋರಿಸಿದರು. ಉದ್ದ ಗೆರೆ ಗಾಡಿ ನಿಂತ ಲೂಪ್ ಲೈನು. ಅದರ ಪಕ್ಕ ಹಿಂದಕ್ಕೆ ಚಾಚಿಕೊಂಡು ಮೊಂಡಾಗಿ ನಿಂತ ಸಣ್ಣ ಗೆರೆ ಗೂಡ್ಸ್ ಶೆಡ್ಡಿನ ಸೈಡಿಂಗು. ಕನ್ನಡಕದ ಪೆಟ್ಟಿಗೆ ಎಂಜಿನ್, ಕಡ್ಡಿಪೆಟ್ಟಿಗೆಗಳು ಡಬ್ಬಿ.

"ಸೈಡಿಂಗಿನ್ಯಾಗ ಹತ್ತಿ ತುಂಬಿದ ಡಬ್ಬಿ ನಿಂತೈತಿ. ಅದನ್ನ ಹುಬ್ಬಳ್ಳಿಗೆ ಒಯ್ಯಬೇಕು. ನಮ್ಮ ಎಂಜಿನ್ ಹಿಂದ ಖಾಲಿ ಡಬ್ಬಿ ಐತಿ. ಅದನ್ನ ಅದ ಜಾಗಾದಾಗ ಬಿಡಬೇಕು. ಈಗ ಹೇಳು, ಎಂಜಿನ್ ಎಷ್ಟು ಸಲ ಓಡಾಡಬೇಕು?"

ನೀವೂ ಮನಸ್ಸಿನಲ್ಲೇ ಆಡಿಸಿ ನೋಡಿ. ಖಾಲಿ ಡಬ್ಬಿಯ ಹಿಂದೆ ಗಾಡಿಯನ್ನು ಕತ್ತರಿಸಿ, ಎಂಜಿನ್ ಅದೊಂದನ್ನೇ ಎಳೆದುಕೊಂಡು ಪಾಯಿಂಟ್ ದಾಟಿ ಮುಂದೆ ಹೋಗಬೇಕು: ಒಂದು. ಪಾಯಿಂಟ್ ಬದಲಿಸಿ ಸೈಡಿಂಗಿಗೆ ಹಿಂದೆ ಸರಿದು ತುಂಬಿದ ಡಬ್ಬಿಗೆ ಜೋಡಿಸಬೇಕು: ಎರಡು. ಎರಡನ್ನೂ ಹೊರಗೆಳೆಯಬೇಕು: ಮೂರು. ಈಗ ತೊಡಕು. ಬಿಡಬೇಕಾದ ಖಾಲಿ ಡಬ್ಬಿ ನಡುವೆ ಸಿಕ್ಕಿಕೊಂಡಿದೆ, ಒಯ್ಯಬೇಕಾದದ್ದು ತುದಿಯಲ್ಲಿದೆ. ಅದಕ್ಕೇ ಲೂಪಿಗೆ ಹಿಂದೆ ಸರಿದು ತುಂಬಿದ್ದನ್ನು ಅಲ್ಲಿ ಕಾಯುತ್ತಿರುವ ಗಾಡಿಗೆ ಅಂಟಿಸಿ ಬಿಡಬೇಕು: ನಾಲ್ಕು. ಖಾಲಿಯನ್ನು ಎಳೆದುಕೊಂಡು ಮತ್ತೆ ಮುಂದೆ: ಐದು. ಸೈಡಿಂಗಿಗೆ ಸರಿದು ಅದನ್ನು ಬಿಡುವುದು: ಆರು. ಎಂಜಿನ್ ಒಂದೇ ಹೊರಗೆ ಬರುವುದು: ಏಳು. ಹಿಂದೆ ಬಂದು ಗಾಡಿಗೆ ಜೋಡಿಸಿಕೊಳ್ಳುವುದು: ಎಂಟು.

ಒಂದು ಡಬ್ಬಿ ಬಿಟ್ಟು ಒಂದು ಡಬ್ಬಿ ಎತ್ತಲು ಎಂಟು ಓಡಾಟ. ಇಷ್ಟಾದ ಮೇಲೂ ಹುಬ್ಬಳ್ಳಿಗೆ ಹೋಗಬೇಕಾದ ಹತ್ತಿಯ ಡಬ್ಬಿ ಈಗ ಎಂಜಿನ್ನಿನ ಬೆನ್ನಿಗೇ ನಿಂತಿದೆ. ಮುಂದಿನ ಸ್ಟೇಷನ್ನಿನಲ್ಲಿ ಬಿಡಬೇಕಾದ ಡಬ್ಬಿ ಅದರ ಹಿಂದೆ ಬಿದ್ದಿದೆ. ಅಂದರೆ ಇಲ್ಲಿನ ಕೆಲಸ ಮುಗಿದ ಗಳಿಗೆಯಲ್ಲೇ ಅಲ್ಲಿನ ಕೆಲಸ ಬೆಳೆದಿದೆ. "ಅದಕ್ಕ ಗದಗ ಬಿಡೂ ಮುಂಚೆನ ಕಡೀ ಸ್ಟೇಷನ್ ನೆನಸಬೇಕು" ಅನ್ನುತ್ತಿದ್ದರು ಮಾಮಾ. ಮೊದಲು ಬಿಡುವ ಡಬ್ಬಿ ಎಂಜಿನ್ನಿಗೆ ಹತ್ತಿರ, ಕೊನೆಗೆ ಬಿಡುವುದು ದೂರ. ದೊಡ್ಡ ಯಾರ್ಡಿನಲ್ಲಿ ಈ ಕ್ರಮ ತಪ್ಪಿದರೆ ಅದರ ಬೆಲೆಯನ್ನು ಸಣ್ಣ ಸ್ಟೇಷನ್ನುಗಳು ಒಂದೊಂದಾಗಿ ತೆರಬೇಕಾಗುತ್ತಿತ್ತು.

ಸೈಡಿಂಗಿನ ಬಾಯಿ ಎದುರು ದಿಕ್ಕಿಗಿದ್ದರೆ ಕತೆಯೇ ಬೇರೆ. ಎಂಜಿನ್ ಡಬ್ಬಿಯನ್ನು ಹಿಂದೆ ಕಟ್ಟಿಕೊಂಡು ನೇರ ಒಳಗೆ ಹೋದರೆ, ಡಬ್ಬಿ ಬಿಟ್ಟು ಹೊರಬರಲು ತನಗೇ ದಾರಿ ಇರುವುದಿಲ್ಲ. ಇಕ್ಕಟ್ಟಿನ ಓಣಿಗೆ ಚಕ್ಕಡಿ ಹೊಗಿಸಿದ ಹಾಗೆ: ಎತ್ತಿಗೆ ತಿರುಗಲು ಜಾಗವಿಲ್ಲ, ಹಿಂದೆ ಚಕ್ಕಡಿ. ಅಂಥಲ್ಲಿ ಎಂಜಿನ್ ಬಿಚ್ಚಿ, ಇನ್ನೊಂದು ಲೈನಿನಲ್ಲಿ ಸುತ್ತುಹಾಕಿಸಿ, ಡಬ್ಬಿಯ ಇನ್ನೊಂದು ತುದಿಗೆ ತಂದು ದೂಡಿಸಬೇಕು. ಇದೆಲ್ಲ ನಡೆಯುವಾಗ ಪಕ್ಕದ ಸ್ಟೇಷನ್ನಿನಿಂದ ಮೇಲ್ ಗಾಡಿ ಬಿಡುವ ಹೊತ್ತಾಗಿರುತ್ತದೆ. ಸ್ಟೇಷನ್ ಮಾಸ್ತರರು ಗಡಿಯಾರ ನೋಡುತ್ತಿರುತ್ತಾರೆ. ಎರಡು ಹಳಿಗಳು ಕೂಡುವ ಕಡೆ ನಡುವೆ ಒಂದು ಗುರುತಿನ ಕಲ್ಲು ಇರುತ್ತದೆ, ಫೌಲಿಂಗ್ ಮಾರ್ಕ್ ಅಂತ. ಬಿಟ್ಟ ಡಬ್ಬಿಯ ಮೂತಿ ಆ ಕಲ್ಲನ್ನು ದಾಟಿ ಚಾಚಿಕೊಂಡಿದ್ದರೆ, ಪಕ್ಕದ ಲೈನಿನಲ್ಲಿ ಬರುವ ಗಾಡಿ ಅದನ್ನು ಒರೆಸಿಕೊಂಡು ಹೋಗುತ್ತದೆ.

ಯೋಜನೆ ತಲೆಯಲ್ಲಿ ಎಷ್ಟೇ ಚೊಕ್ಕಟವಾಗಿದ್ದರೂ ನೆಲದ ಮೇಲೆ ಅದನ್ನು ನಡೆಸುವವರು ಪಾಯಿಂಟ್ಸ್‌ಮನ್. ಎಂಜಿನ್ ದೂಡುವಾಗ ಚಾಲಕನಿಗೆ ಡಬ್ಬಿಗಳ ಆಚೆ ತುದಿ ಕಾಣುವುದಿಲ್ಲ. ಕಾಣುವವನ ಕೈಯಲ್ಲಿ ಎಂಜಿನ್ ಇಲ್ಲ. ಇಬ್ಬರ ನಡುವೆ ಇರುವುದು ಎರಡು ಬಟ್ಟೆ ತುಂಡು, ರಾತ್ರಿಯಾದರೆ ಒಂದು ಕಂದೀಲು. ಹಸಿರು ಝಂಡೆಯನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿದರೆ 'ನನ್ನಿಂದ ದೂರ ಹೋಗು'. ಮೈಗೆ ಅಡ್ಡಲಾಗಿ ಎಡಕ್ಕೂ ಬಲಕ್ಕೂ ಆಡಿಸಿದರೆ 'ನನ್ನ ಕಡೆ ಬಾ'. ಹಸಿರು, ಕೆಂಪು ಎರಡನ್ನೂ ತಲೆಯ ಮೇಲೆತ್ತಿ ಒಂದರ ಕಡೆ ಒಂದನ್ನು ತಂದರೆ 'ಜೋಡಿಸಬೇಕು, ಮೆಲ್ಲಗೆ'. ಝಂಡೆ ಇಲ್ಲದಿದ್ದರೆ ಎರಡೂ ಕೈ ಎತ್ತಿದರೆ ಸಾಕು, ನಿಲ್ಲಬೇಕು. ಶಂಟಿಂಗಿನ ವೇಗ ತಾಸಿಗೆ 15 ಕಿ.ಮೀ. ಮೀರಬಾರದು, ಸಿಡಿಮದ್ದಿನಂಥ ಅಪಾಯದ ಸರಕಿದ್ದರೆ 8. ಬರೆದ ನಿಯಮಗಳಲ್ಲಿಲ್ಲದ ಒಂದು ಮಾತನ್ನು ಮಾಮಾ ಸೇರಿಸುತ್ತಿದ್ದರು: "ಝಂಡೆ ಹಿಡದಾವ ಕಾಣವಲ್ಲ ಅಂದ್ರ ಅಂವ ಡಬ್ಬಿ ನಡುವ ಅದಾನ ಅಂತ ತಿಳೀಬೇಕು."

ಡಬ್ಬಿ ನಡುವೆ ಇಳಿದ ಮನುಷ್ಯನನ್ನು ಎರಡೂ ಕಡೆಯಿಂದ ಟನ್‌ಗಟ್ಟಲೆ ಕಬ್ಬಿಣ ಕಾಯುತ್ತಿರುತ್ತದೆ. ಮಾಮಾನ ಜೊತೆಗಾರರೊಬ್ಬರ ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ. ಅವರು ಮನೆಗೆ ಬಂದಾಗ ಚಹಾದ ಬಸಿಯನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರು. ಹೇಗಾಯಿತೆಂದು ನಾವು ಹುಡುಗರು ಕೇಳಿದರೆ, "ಏಳು ಸಲ ಸರಿ ಆಗಿತ್ತು" ಎಂದಷ್ಟೇ ಹೇಳಿ ನಗುತ್ತಿದ್ದರು. ಎಂಟರ ಲೆಕ್ಕ ಗೊತ್ತಾಗುವವರೆಗೂ ನನಗೆ ಆ ಮಾತು ಅರ್ಥವಾಗಿರಲಿಲ್ಲ.

1980ರ ದಶಕದಲ್ಲಿ ರೈಲ್ವೆ ಒಂದೊಂದೇ ಡಬ್ಬಿಯ ವ್ಯವಹಾರವನ್ನು ಬಿಡುತ್ತ ಬಂತು. ಹೊರಟಲ್ಲಿಂದ ಮುಟ್ಟುವ ತನಕ ಒಡೆಯದ ಪೂರ್ತಿ ರೇಕ್ ಮಾತ್ರ ಸಾಗಿಸುವ ಪದ್ಧತಿ ಬಂತು. ಕಾರಣ ಸುಳ್ಳೇನಲ್ಲ. ಒಂದು ಡಬ್ಬಿ ಊರು ಮುಟ್ಟುವಷ್ಟರಲ್ಲಿ ಹಲವು ಯಾರ್ಡುಗಳಲ್ಲಿ ದಿನಗಟ್ಟಲೆ ಕಾಯುತ್ತಿತ್ತು, ಎಂಜಿನ್ನೂ ಲೈನೂ ಆ ಎಂಟೆಂಟು ಓಡಾಟಗಳಲ್ಲಿ ಸವೆಯುತ್ತಿದ್ದವು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಈಗ ಮುಚ್ಚಿದ ಡಬ್ಬಿಗಳ ಒಂದು ಪೂರ್ತಿ ರೇಕ್ ಅಂದರೆ ಕಡಿಮೆಯೆಂದರೂ ಸುಮಾರು 42 ಡಬ್ಬಿ, ಎರಡೂವರೆ ಸಾವಿರ ಟನ್ ಸರಕು. 50 ಕಿಲೋ ಚೀಲದ ಲೆಕ್ಕದಲ್ಲಿ 50,000 ಚೀಲ. ಅದರ ಅರ್ಧದಷ್ಟಿನ ಮಿನಿ ರೇಕಿಗೂ 20 ಡಬ್ಬಿ ಬೇಕು. ಅಣ್ಣಿಗೇರಿಯ ಒಬ್ಬ ಕಡಲೆ ವ್ಯಾಪಾರಿ ಇದನ್ನು ತುಂಬುವುದೆಲ್ಲಿಂದ? ಮುರಗಾಂವದಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಹೊತ್ತ ಉದ್ದುದ್ದ ಗಾಡಿಗಳು ಅಣ್ಣಿಗೇರಿಯನ್ನು ದಾಟಿ ಹೋಗುತ್ತವೆ. ಅತ್ತ 2023ರ ಜೂನ್‌ನಿಂದ ಕುಂದಗೋಳದ ಮೇಲೆ ಬೆಂಗಳೂರು–ಧಾರವಾಡ ವಂದೇ ಭಾರತ್ ಓಡುತ್ತಿದೆ. ಊರುಗಳು ದಾರಿಯ ಮೇಲಿವೆ, ಸರಕಿನ ಲೆಕ್ಕದೊಳಗಿಲ್ಲ.

ಹಾಗಂತ ಶಂಟಿಂಗ್ ಸತ್ತಿಲ್ಲ. ಮುಂಗಾರಿನ ಹೊತ್ತಿಗೆ ನಮ್ಮ ಸೀಮೆಯ ಗೂಡ್ಸ್ ಶೆಡ್ಡಿಗೆ ಗೊಬ್ಬರದ ರೇಕ್ ಬಂದಾಗ ಹೋಗಿ ನೋಡಿದ್ದೇನೆ. ಶೆಡ್ಡಿನ ಲೈನು ಗಿಡ್ಡವಿದ್ದರೆ ರೇಕನ್ನು ನಡುವೆ ಕತ್ತರಿಸಿ ಎರಡು ಕಂತಿನಲ್ಲಿ ಇಡಬೇಕು. ಮಾಸ್ತರರು ಟಿ-806 ಎಂಬ ನಮೂನೆಯಲ್ಲಿ ಶಂಟಿಂಗ್ ಆದೇಶ ಬರೆದುಕೊಡುತ್ತಾರೆ. ಗಾರ್ಡ್ ಹುದ್ದೆಗೆ 2022ರಿಂದ ಟ್ರೇನ್ ಮ್ಯಾನೇಜರ್ ಎಂಬ ಹೆಸರು. ಝಂಡೆಯ ಜೊತೆಗೆ ಕೈಯಲ್ಲಿ ವಾಕಿಟಾಕಿ ಇದೆ. ಈಗಿನ ಕೊಂಡಿಗಳು ತಾಗಿದೊಡನೆ ತಾವೇ ಕಚ್ಚಿಕೊಳ್ಳುತ್ತವೆ. ಆದರೆ ಬ್ರೇಕಿನ ಗಾಳಿ ಹರಿಯುವ ಹೋಸ್ ಪೈಪನ್ನು ಕೈಯಿಂದಲೇ ಜೋಡಿಸಬೇಕು. ಡಬ್ಬಿ ಪೂರ್ತಿ ನಿಂತದ್ದನ್ನು ನೋಡಿ, ಒಬ್ಬ ಮನುಷ್ಯ ಇವತ್ತಿಗೂ ಬಗ್ಗಿ ಒಳಗೆ ಇಳಿಯುತ್ತಾನೆ.

ರೇಕ್ ನಿಂತ ಮೇಲೆ ಏನಾಗುತ್ತದೆ ಎಂಬುದೇ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು. ನಿಗದಿತ ಹೊತ್ತಿನೊಳಗೆ ಖಾಲಿ ಮಾಡದಿದ್ದರೆ ಡೆಮರೇಜ್ ಬೀಳುತ್ತದೆ. ಹಮಾಲರು ರಾತ್ರಿಯೆಲ್ಲ ಚೀಲ ಹೊರುತ್ತಾರೆ. ಶೆಡ್ಡಿನ ಅಂಗಳದಲ್ಲಿ ಲಾರಿಗಳ ಸಾಲು. ಇದು ನವಲಗುಂದಕ್ಕೆ, ಅದು ಕಲಘಟಗಿಗೆ. ಮೊದಲು ಬಂದ ಲಾರಿ ಮೂಲೆಯಲ್ಲಿ ಸಿಕ್ಕಿಕೊಂಡಿದೆ, ಹಿಂದಿನವನು ಸರಿದರೆ ಮಾತ್ರ ಅದು ಹೊರಗೆ ಬಂದೀತು. "ಬರ್ಲಿ ಬರ್ಲಿ, ಹಿಂದ ಬರ್ಲಿ" ಎಂದು ಕ್ಲೀನರ್ ಹುಡುಗ ಕೈ ಆಡಿಸುತ್ತಾನೆ. ಲಾರಿಯ ಒಳಗೂ ಅದೇ ಕ್ರಮ: ಕೊನೆಯ ಹಳ್ಳಿಯ ಚೀಲ ಮೊದಲು ತುಂಬಬೇಕು, ಮೊದಲ ಹಳ್ಳಿಯದು ಕೊನೆಗೆ.

ವಿಂಗಡಿಸುವ ಕೆಲಸ ಎಲ್ಲೂ ಹೋಗಿಲ್ಲ, ಹಳಿಯಿಂದ ಇಳಿದು ರಸ್ತೆಗೆ ಬಂದಿದೆ. ಮೊದಲು ಆ ಎಂಟು ಓಡಾಟಗಳ ಭಾರ ಹೊರುತ್ತಿದ್ದುದು ರೈಲ್ವೆ. ಈಗ ಅದು ಲಾರಿ ಬಾಡಿಗೆಯಾಗಿ, ಹಮಾಲಿಯಾಗಿ ಚೀಲದ ಜೊತೆ ಹಳ್ಳಿಯ ತನಕ ಹೋಗುತ್ತದೆ. ರೇಕ್ ಎಷ್ಟು ಬೇಗ ಖಾಲಿಯಾಯಿತು ಎಂಬ ಲೆಕ್ಕ ರೈಲ್ವೆಯ ದಾಖಲೆಯಲ್ಲಿರುತ್ತದೆ. ಆ ಲಾರಿ ಎಷ್ಟು ಸಲ ಹಿಂದೆ ಮುಂದೆ ಸರಿಯಿತು ಎಂದು ಬರೆದುಕೊಳ್ಳುವ ಗಾರ್ಡ್ ಯಾರೂ ಅಲ್ಲಿರುವುದಿಲ್ಲ.